ಹುಡುಗಿಯ ಅರಿವೆಗೆ ಬಿಸಿಲು ಬೇಕು

ನಮ್ಮ ಜಿಲ್ಲೆಯಲ್ಲಿ ಮಳೆಗೆ ಬರ ಬಂದದ್ದುಂಟು, ಬೆಳೆಗೆ ಬರ ಬಂದದ್ದುಂಟು, ಕೈತುಂಬ ಕೆಲಸಕ್ಕಂತೂ ವರ್ಷಾವರ್ಷ ಬರ ಉಂಟು. ಬಿಸಿಲಿಗೆ ಮಾತ್ರ ಎಂದೂ ಬರ ಬಂದಿಲ್ಲ. ತಿಕೋಟಾದ ದ್ರಾಕ್ಷಿ ಇಲ್ಲಿಯ ಬಿಸಿಗಾಳಿಗೇ ಒಣಗಿ ಪೇಟೆಗೆ ಬರುತ್ತದೆ. ಬಬಲೇಶ್ವರದ ಅಂಗಳಗಳಲ್ಲಿ ಜೋಳ, ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವೂ ಮಂದಿಯ ಕಣ್ಣೆದುರಿಗೇ ಒಣಗುತ್ತವೆ. ವಿಜಯಪುರದ ಓಣಿಗಳಲ್ಲಿ ಗಂಡಸರ ಬನಿಯನ್ನು, ಚಡ್ಡಿಗಳು ಬೀದಿಗೆ ಮುಖ ಮಾಡಿ ಹಗ್ಗದ ಮೇಲೆ ತೂಗಾಡುತ್ತವೆ. ಯಾರೂ ಕಣ್ಣು ಮುಚ್ಚಿಕೊಳ್ಳುವದಿಲ್ಲ. ಒಂದೇ ಒಂದು ಅರಿವೆಗೆ ಈ ಬಿಸಿಲಿನಲ್ಲಿ ಪಾಲಿಲ್ಲ. ಅದು ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯ ಮುಟ್ಟಿನ ಅರಿವೆ. ಬಚ್ಚಲ ಮೂಲೆಯಲ್ಲಿ, ದನದ ಕೊಟ್ಟಿಗೆಯ ಹಿಂದೆ, ಹಳೆಯ ಸೀರೆಯ ಅಡಿಯಲ್ಲಿ, ಕೆಲವು ಮನೆಗಳಲ್ಲಿ ಹಾಸಿಗೆಯ ಕೆಳಗೆ ಅದು ಅರೆಹಸಿಯಾಗಿ ಬಿದ್ದಿರುತ್ತದೆ. ಅರೆಹಸಿಯಾಗಿಯೇ ಮತ್ತೆ ಮೈಗೆ ಏರುತ್ತದೆ.

ಕೂಲಿಯ ದರ, ಜೋಳದ ಧಾರಣೆ ಬಿಟ್ಟು ಇದೇನು ಹೆಂಗಸರ ಮಾತು ಎಂದು ಗಿರಣಿಯ ಕೆಲವು ಗೆಳೆಯರು ಕೇಳಬಹುದು. ಗೆಳೆಯರೇ, ನಿಮ್ಮ ಮನೆಯ ಮಗಳು ತಿಂಗಳಿಗೆ ಮೂರು ದಿನ ಶಾಲೆ ಬಿಟ್ಟರೆ ಅದು ಹೆಂಗಸರ ಮಾತೋ ಮನೆಯ ಮಾತೋ? ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಏಳನೆಯ ಇಯತ್ತೆಯ ಮೇಲಿನ ಹಾಜರಿ ಪುಸ್ತಕ ತೆರೆದರೆ ಕೆಲವು ಹುಡುಗಿಯರ ಹೆಸರಿನ ಮುಂದೆ ತಿಂಗಳು ತಿಂಗಳೂ ಒಂದೇ ಬಗೆಯ ತೂತು ಕಾಣುತ್ತಿತ್ತು. ಕಾರಣ ಕೇಳಿದರೆ "ಹೊಟ್ಟೆನೋವು" ಎಂಬ ಒಂದೇ ಮಾತು. ಮೂರು ದಿನದ ಗಣಿತ ತಪ್ಪಿದ ಹುಡುಗಿಗೆ ನಾಲ್ಕನೆಯ ದಿನದ ಗಣಿತ ತಿಳಿಯುವದಿಲ್ಲ. ವರ್ಷ ಮುಗಿಯುವಷ್ಟರಲ್ಲಿ "ಈಕಿಗೆ ಓದು ಹತ್ತಂಗಿಲ್ಲ" ಎಂದು ತೀರ್ಪಾಗುತ್ತದೆ. ಅದರ ಬೆನ್ನಿಗೇ ದ್ರಾಕ್ಷಿ ತೋಟದ ಕೂಲಿ, ಇಲ್ಲವೆ ಲಗ್ನ.

ಈಗ ಪೇಟೆಗೆ ಒಂದು ಹೊಸ ಸಾಮಾನು ಬಂದಿದೆ. ತೊಳೆದು ಮತ್ತೆ ಮತ್ತೆ ಉಡುವಂಥ ಮುಟ್ಟಿನ ಒಳಚಡ್ಡಿ. ಅಂಗಡಿಕಾರರು ಇದನ್ನು ಪೀರಿಯಡ್ ಪ್ಯಾಂಟಿ ಎನ್ನುತ್ತಾರೆ. ನೋಡಲಿಕ್ಕೆ ಸಾದಾ ಒಳಚಡ್ಡಿಯಂತೆಯೇ ಇರುತ್ತದೆ. ಕಾಲುಗಳ ನಡುವಿನ ಭಾಗದಲ್ಲಿ ಮಾತ್ರ ಪದರುಗಳಿರುತ್ತವೆ: ಮೈಗೆ ತಾಗುವ ಮೆತ್ತನೆಯ ಪದರು, ಅದರ ಕೆಳಗೆ ಹೀರಿಕೊಳ್ಳುವ ದಪ್ಪ ಪದರು, ಎಲ್ಲಕ್ಕೂ ಹೊರಗೆ ಹಸಿ ದಾಟಗೊಡದ ತೆಳುವಾದ ಹಾಳೆಯಂಥ ಪದರು. ಇದರ ತತ್ವ ಹೊಸದೇನಲ್ಲ. ನಮ್ಮ ಅಜ್ಜಿಯರು ಹಳೆಯ ಇಳಕಲ್ಲ ಸೀರೆ ಹರಿದು ಮಡಿಕೆ ಹಾಕಿ ಕಟ್ಟಿಕೊಳ್ಳುತ್ತಿದ್ದದ್ದೂ ಇದನ್ನೇ. ಜಾರುವ ಭಯ ಮತ್ತು ಕಲೆ ಹತ್ತುವ ಭಯ ಎರಡನ್ನೂ ಹೊಲಿಗೆಯವನು ತನ್ನ ಮೇಲೆ ಹಾಕಿಕೊಂಡಿದ್ದಾನೆ, ಅಷ್ಟೇ ವ್ಯತ್ಯಾಸ. ಆಟದ ಮೈದಾನದಲ್ಲಿ ಖೋ-ಖೋ ಆಡುವ ಹುಡುಗಿಗೆ ಈ ವ್ಯತ್ಯಾಸ ಸಣ್ಣದಲ್ಲ.

ತಂದು ಕೈಗೆ ಕೊಟ್ಟು "ಹಾಕ್ಕೋ" ಎಂದರೆ ಸಹಾಯ ಮಾಡಿದಂತೆ ಆಗುವದಿಲ್ಲ. ಕೂಡಿಸಿಕೊಂಡು ಹೇಳಬೇಕು. ಯಾರು ಹೇಳಬೇಕು? ಅವ್ವ ಹೇಳಲಿ, ಅವ್ವ ಇಲ್ಲದಲ್ಲಿ ಅಕ್ಕ, ಚಿಗವ್ವ, ಶಾಲೆಯ ಅಕ್ಕೋರು, ಆಶಾ ಕಾರ್ಯಕರ್ತೆ ಹೇಳಲಿ. ಇವರಾರೂ ಇಲ್ಲದ ಮನೆಯಲ್ಲಿ ಅಪ್ಪನೇ ಹೇಳಲಿ. ಮಗಳ ಕಾಲಿಗೆ ಮುಳ್ಳು ನೆಟ್ಟರೆ ತೆಗೆಯುವ ಕೈಗೆ ಇದು ಅಡ್ಡಿಯಾಗಬಾರದು. ಮುಟ್ಟು ಬಂದ ದಿನ ಗಾಬರಿಯಲ್ಲಿ ಹೇಳುವದಕ್ಕಿಂತ ಅದಕ್ಕೆ ಮೊದಲೇ, ಶಾಲೆಗೆ ಸೂಟಿ ಇದ್ದ ದಿನ, ಚಡ್ಡಿಯನ್ನು ಕೈಯಲ್ಲಿ ಹಿಡಿದು ಅದರ ಪದರು ತೋರಿಸಬೇಕು. ಒಂದು ಲೋಟ ನೀರು ಸುರಿದು ಎಷ್ಟು ಹೀರುತ್ತದೆ ಎಂದು ಹುಡುಗಿಯೇ ನೋಡಲಿ. ಕಣ್ಣಾರೆ ಕಂಡರೆ ಅರ್ಧ ಭಯ ಅಲ್ಲಿಯೇ ಹೋಗುತ್ತದೆ. ಒಂದು ತಿಂಗಳ ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 80 ಮಿಲಿಲೀಟರು, ಎಂದರೆ ಒಂದು ಸಣ್ಣ ಚಹದ ಕಪ್ಪು ತುಂಬುವದೂ ಕಷ್ಟ. ಮೈಯ ರಕ್ತವೆಲ್ಲ ಹರಿದುಹೋಗುತ್ತದೆಂದು ಹೆದರಿ ಅಳುವ ಹುಡುಗಿಗೆ ಈ ಒಂದು ಲೆಕ್ಕ ಹೇಳಿದರೆ ಸಾಕು.

ಅಳತೆ ಸರಿಯಾಗಿರಬೇಕು. "ಬೆಳಿಯೂ ಹುಡುಗಿ, ಒಂದು ಸೈಜು ದೊಡ್ಡದು ಕೊಡ್ರಿ" ಎಂದು ಪಾಟಿಚೀಲ ಕೊಂಡಂತೆ ಇದನ್ನು ಕೊಳ್ಳಬಾರದು. ಸಡಿಲಾದರೆ ತೊಡೆಯ ಸಂದಿಯಿಂದ ಹಸಿ ಹೊರಬರುತ್ತದೆ. ಬಿಗಿಯಾದರೆ ಮೈ ತಿಕ್ಕಿ ಕೆಂಪಾಗುತ್ತದೆ. ಮೊದಲ ಸಲ ರಾತ್ರಿ ಮನೆಯಲ್ಲಿ ಹಾಕಿಕೊಂಡು ನೋಡಲಿ. ಆಮೇಲೆ ಮುಟ್ಟಿನ ಕೊನೆಯ ದಿನಗಳಲ್ಲಿ, ಸ್ರಾವ ಕಡಿಮೆ ಇದ್ದಾಗ, ಶಾಲೆಗೆ ಹಾಕಿಕೊಂಡು ಹೋಗಲಿ. ಧೈರ್ಯ ಬಂದ ಮೇಲೆ ಮೊದಲನೆಯ ಎರಡನೆಯ ದಿನಕ್ಕೂ ಬಳಸಬಹುದು. ಹೆಚ್ಚು ಸ್ರಾವದ ದಿನ ಇದರ ಮೇಲೆ ಒಂದು ಪ್ಯಾಡು ಇಟ್ಟುಕೊಂಡರೆ ತಪ್ಪೇನೂ ಇಲ್ಲ. ಇದು ಸೋಲು ಗೆಲುವಿನ ಪಂದ್ಯವಲ್ಲ. ಮುಟ್ಟಿದಾಗ ಮೇಲಿನ ಪದರು ಹಸಿ ಎನಿಸಿದರೆ, ಭಾರವಾದರೆ, ಅಂಚಿನಲ್ಲಿ ಕಲೆ ಕಂಡರೆ ಬದಲಿಸುವ ಹೊತ್ತಾಯಿತೆಂದು ತಿಳಿಯಬೇಕು. ಡಬ್ಬಿಯ ಮೇಲೆ ಹನ್ನೆರಡು ತಾಸು ಎಂದು ಬರೆದಿದ್ದರೂ ಅದು ಕಂಪನಿಯವರ ಮಾತು. ಹುಡುಗಿಯ ಮೈಯ ಮಾತು ಬೇರೆ ಇರಬಹುದು. ಶಾಲೆಗೆ ಹೋಗುವಾಗ ಪಾಟಿಚೀಲದಲ್ಲಿ ಇನ್ನೊಂದು ಚಡ್ಡಿ, ತೆಗೆದದ್ದನ್ನು ಸುತ್ತಿಡಲಿಕ್ಕೆ ನೀರು ಸೋರದ ಒಂದು ಚೀಲ, ಎರಡೂ ಇರಲೇಬೇಕು. ಹೊಸದಾಗಿ ಮೈನೆರೆದವರಿಗೆ ಮೊದಲ ಒಂದೆರಡು ವರ್ಷ ಮುಟ್ಟು ತಾರೀಖಿಗೆ ಸರಿಯಾಗಿ ಬರುವದಿಲ್ಲ. ಆದ್ದರಿಂದ ಆ ಚೀಲ ಯಾವಾಗಲೂ ತಯಾರಿರಲಿ.

ಇನ್ನು ತೊಳೆಯುವ ಕೆಲಸ. ಇಲ್ಲಿಯೇ ಎಲ್ಲ ಇರುವದು. ಕೂಡಲೇ ತಣ್ಣೀರಿನಲ್ಲಿ ನೆನೆಹಾಕಬೇಕು. ಬಿಸಿನೀರು ಹಾಕಿದರೆ ರಕ್ತ ಬೆಂದು ಎಳೆಗೆ ಅಂಟಿಕೊಳ್ಳುತ್ತದೆ, ತತ್ತಿಯ ಬಿಳಿ ಕಾದ ಬೋಗುಣಿಗೆ ಅಂಟಿದ ಹಾಗೆ. ಕೆಂಪು ನೀರು ಹೋಗುವವರೆಗೆ ಹಿಂಡಿ, ಸಾದಾ ಸಾಬೂನು ಹಚ್ಚಿ, ಸಾಬೂನು ಒಂದಿಷ್ಟೂ ಉಳಿಯದ ಹಾಗೆ ಮತ್ತೆ ಜಾಲಿಸಬೇಕು. ಬ್ಲೀಚಿಂಗ್ ಪುಡಿ ಬೇಡ. ಅರಿವೆ ಮೆತ್ತಗಾಗಲೆಂದು ಹಾಕುವ ಸುಗಂಧದ ದ್ರವವೂ ಬೇಡ, ಅದು ಹೀರುವ ಪದರನ್ನೇ ಕೆಡಿಸುತ್ತದೆ. ಇಸ್ತ್ರಿಯಂತೂ ಬೇಡವೇ ಬೇಡ, ಹೊರಗಿನ ಹಾಳೆ ಸುಡುತ್ತದೆ. ಆಮೇಲೆ ಗಾಳಿ ಬಿಸಿಲು ಇರುವಲ್ಲಿ ಹರವಿ, ದಪ್ಪ ಪದರು ಒಳಗಿನಿಂದಲೂ ಒಣಗುವವರೆಗೆ ಬಿಡಬೇಕು. ಮೇಲೆ ಒಣಗಿ ಒಳಗೆ ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ, ತುರಿಕೆಯಾಗುತ್ತದೆ. ಒಬ್ಬರ ಚಡ್ಡಿ ಇನ್ನೊಬ್ಬರಿಗಲ್ಲ, ಅಕ್ಕತಂಗಿಯರಾದರೂ ಸರಿಯೇ. ತುರಿಕೆ, ಉರಿ, ಕೆಟ್ಟ ವಾಸನೆ ಕಂಡರೆ, ತಾಸು ಎರಡು ತಾಸಿಗೊಮ್ಮೆ ಬದಲಿಸುವಷ್ಟು ಸ್ರಾವವಾದರೆ, ವಾರಕ್ಕಿಂತ ಹೆಚ್ಚು ನಡೆದರೆ ದವಾಖಾನೆಗೆ ಕರೆದುಕೊಂಡು ಹೋಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತ ಕಡಿಮೆ. ಅಂಥ ಮೈಗೆ ಹೆಚ್ಚಿನ ಸ್ರಾವ ಸಣ್ಣ ಮಾತಲ್ಲ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ತಮಾಷೆ ಇದೆ. 15ರಿಂದ 24 ವಯಸ್ಸಿನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮುಟ್ಟಿಗೆ ಅರಿವೆ ಬಳಸುತ್ತೇವೆಂದು ಹೇಳಿದ್ದಾರೆ. ಆದರೆ "ಶುಚಿಯಾದ ವಿಧಾನ"ಗಳ ಯಾದಿಯಲ್ಲಿ ಪ್ಯಾಡು ಉಂಟು, ಕಪ್ಪು ಉಂಟು, ಅರಿವೆ ಇಲ್ಲ. ತೊಳೆದು ಬಿಸಿಲಿಗೆ ಒಣಗಿಸಿದ ಅರಿವೆಯೂ ಕತ್ತಲಲ್ಲಿ ಕೊಳೆತ ಅರಿವೆಯೂ ಲೆಕ್ಕದವರ ಕಣ್ಣಿಗೆ ಒಂದೇ. ನಮ್ಮ ಅಭಿಪ್ರಾಯದಲ್ಲಿ ಕೆಟ್ಟದ್ದು ಅರಿವೆಯಲ್ಲ. ನೀರಿಲ್ಲದಿರುವದು, ಬಿಸಿಲಿಲ್ಲದಿರುವದು ಕೆಟ್ಟದ್ದು.

ನೀರಿನ ಮಾತಿಗೆ ಬರೋಣ. ಆದಿಲಶಾಹಿ ಸುಲ್ತಾನರು 1651ರಲ್ಲಿ ಬೇಗಂ ತಲಾಬ ಕಟ್ಟಿಸಿ ಮಣ್ಣಿನ ಕೊಳವೆಗಳಲ್ಲಿ ಈ ನಗರಕ್ಕೆ ನೀರು ತಂದರು. ಇಂದು ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ನಮ್ಮ ಒಣನೆಲದ ಹೊಲಗಳ ಕಡೆಗೆ ಏರಿ ಬಂದಿದೆ. ಕೃಷ್ಣೆಯನ್ನು ಗುಡ್ಡ ಹತ್ತಿಸಬಲ್ಲ ಸರಕಾರಕ್ಕೆ ಹೆಣ್ಣುಮಕ್ಕಳ ಶಾಲೆಯ ಪಾಯಖಾನೆಯ ನಳಕ್ಕೆ ನೀರು ಹತ್ತಿಸುವದು ಅಸಾಧ್ಯವೇ? ಪಾಯಖಾನೆ ಕಟ್ಟಿ, ಬಣ್ಣ ಹಚ್ಚಿ, ಉದ್ಘಾಟನೆ ಮಾಡಿ, ಬಾಗಿಲಿಗೆ ಕೀಲಿ ಹಾಕಿ ಕೀಲಿಕೈ ಹೆಡ್‌ಮಾಸ್ತರರ ಕಪಾಟಿನಲ್ಲಿಟ್ಟರೆ ಅದು ಲೆಕ್ಕದಲ್ಲಿ ಒಂದು ಪಾಯಖಾನೆ. ಹುಡುಗಿಯ ಪಾಲಿಗೆ ಒಂದು ಗೋಡೆ. ಮನೆಗಳಲ್ಲಿಯೂ ಹಾಗೆಯೇ. ನಳದ ಸರದಿ ಕಾಯುವ ಓಣಿಯಲ್ಲಿ, ಎರಡು ಕೊಡ ನೀರಿನಲ್ಲಿ ಆರು ಮಂದಿ ಬದುಕುವ ಮನೆಯಲ್ಲಿ, ಮೂರು ಸಲ ನೀರು ಬದಲಿಸಿ ತೊಳೆಯೆಂದು ಹುಡುಗಿಗೆ ಹೇಳುವದು ಕ್ರೂರತನ. ಅಂಥ ಮನೆಯವರು ಬಿಸಾಡುವ ಪ್ಯಾಡನ್ನೇ ಬಳಸಲಿ. ಅದಕ್ಕಾಗಿ ಅವರನ್ನು ಪರಿಸರದ ಶತ್ರುಗಳೆಂದು ಬಯ್ಯುವ ಪಟ್ಟಣದ ಪಂಡಿತರ ಮಾತು ನಮಗೆ ಹಿಡಿಸುವದಿಲ್ಲ. ಆದರೆ ನೀರಿದ್ದೂ ನಾಚಿಕೆಯಿಂದ ತೊಳೆಯದ, ಬಿಸಿಲಿದ್ದೂ ನಾಚಿಕೆಯಿಂದ ಒಣಗಿಸದ ಮನೆಗಳೇ ಹೆಚ್ಚು. ನಾವು ಬರೆಯುತ್ತಿರುವದು ಅವರಿಗೆ.

ದುಡ್ಡಿನ ಲೆಕ್ಕವನ್ನೂ ಮುಚ್ಚುಮರೆ ಇಲ್ಲದೆ ಮಾಡೋಣ. ನಮ್ಮ ವಾಚಕರು ತಕ್ಕಡಿ ಹಿಡಿದವರು, ಅವರಿಗೆ ಜಾಹೀರಾತಿನ ಲೆಕ್ಕ ಒಪ್ಪಿಗೆಯಾಗುವದಿಲ್ಲ. ಒಂದು ಪ್ಯಾಡಿಗೆ 6 ರೂಪಾಯಿ, ತಿಂಗಳಿಗೆ 12 ಎಂದು ಹಿಡಿದರೆ ವರ್ಷಕ್ಕೆ 864 ರೂಪಾಯಿ. ಒಂದು ಮುಟ್ಟಿನ ಒಳಚಡ್ಡಿಗೆ 350 ಎಂದು ಹಿಡಿದು ನಾಲ್ಕು ಕೊಂಡರೆ 1,400. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷ ಬಾಳಿಕೆ ಬರುತ್ತದೆನ್ನೋಣ. ಎರಡು ವರ್ಷಕ್ಕೆ ಪ್ಯಾಡಿನ ಖರ್ಚು 1,728. ಉಳಿದದ್ದು 328 ರೂಪಾಯಿ. ಅದರಲ್ಲಿ ಸಾಬೂನಿನ ಖರ್ಚು ಕಳೆಯಿರಿ. ಇನ್ನು ಜನೌಷಧಿ ಅಂಗಡಿಯ ಸುವಿಧಾ ಪ್ಯಾಡಿಗೆ 2019ರಿಂದ ಒಂದೇ ರೂಪಾಯಿ ದರ. ಅದು ಕೈಗೆ ಸಿಗುವ ಊರಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ದುಡ್ಡು ಉಳಿಯುತ್ತದೆಂಬ ಒಂದೇ ಮಾತಿನ ಮೇಲೆ ಇದನ್ನು ಮಾರುವವರನ್ನು ನಂಬಬೇಡಿರಿ.

ಹಾಗಾದರೆ ಇದರ ಗುಣವೇನು? ಒಂದು, ಸರಬರಾಜು ನಿಂತರೂ ಇದು ನಿಲ್ಲುವದಿಲ್ಲ. ಕರ್ನಾಟಕ ಸರಕಾರ 2013-14ರಲ್ಲಿ ಶುಚಿ ಯೋಜನೆ ತಂದು ಸರಕಾರಿ ಶಾಲೆ, ವಸತಿಗೃಹಗಳ ಹುಡುಗಿಯರಿಗೆ ಪ್ಯಾಡು ಹಂಚತೊಡಗಿತು. ಒಳ್ಳೆಯ ಕೆಲಸ. ಆದರೆ ಕೊರೋನಾ ಕಾಲದಲ್ಲಿ ನಿಂತ ಹಂಚಿಕೆ ವರ್ಷಗಟ್ಟಲೆ ನಿಂತೇ ಇತ್ತು. 2024ರಲ್ಲಿ ಮತ್ತೆ ಶುರುವಾಯಿತು. ಆ ನಡುವಿನ ವರ್ಷಗಳಲ್ಲಿ ಮುಟ್ಟು ಮಾತ್ರ ಟೆಂಡರಿಗಾಗಿ ಕಾಯಲಿಲ್ಲ. ಮನೆಯ ಟ್ರಂಕಿನಲ್ಲಿ ನಾಲ್ಕು ಚಡ್ಡಿಗಳಿದ್ದ ಹುಡುಗಿ ಯಾರ ಮುಖವನ್ನೂ ನೋಡಬೇಕಾಗುವದಿಲ್ಲ. ಇನ್ನೊಂದು, ಬಿಸಾಡಿದ ಪ್ಯಾಡು ಎಲ್ಲಿಗೆ ಹೋಗುತ್ತದೆ? ಗಟಾರಕ್ಕೆ. ಗಟಾರ ಕಟ್ಟಿದಾಗ ಅದನ್ನು ಕೈಯಿಂದ ಎತ್ತುವವರು ಯಾರು? ನಮ್ಮ ಪೌರಕಾರ್ಮಿಕ ಅಕ್ಕಂದಿರು, ಅಣ್ಣಂದಿರು. ಬೇರೆ ಮಾಡಿ ಸುತ್ತಿ ಕೊಡಬೇಕು, ಸುತ್ತಲಿಕ್ಕೆ ಚೀಲವನ್ನು ಕಂಪನಿಯವರೇ ಕೊಡಬೇಕು ಎಂದು 2016ರ ಕಸದ ನಿಯಮಗಳೇ ಹೇಳಿದ್ದವು. ಕಾಗದದ ಮೇಲಿನ ನಿಯಮ ಕಾಗದದ ಮೇಲೆಯೇ ಒಣಗಿತು. ಗಿರಣಿಯ ಕೆಲಸಗಾರನಿಗೆ ಗಟಾರದ ಕೆಲಸಗಾರನ ಕೈಯ ಚಿಂತೆ ಇರಬೇಕು.

ಬಡವನ ಕಷ್ಟವೇನೆಂದರೆ ಅವನ ಹತ್ತಿರ 1,400 ರೂಪಾಯಿ ಒಮ್ಮೆಲೇ ಇರುವದಿಲ್ಲ. ಎಂಟು ಪ್ಯಾಡಿನ ಪುಡಿಕೆಗೆ ಬೇಕಾದಷ್ಟು ಮಾತ್ರ ಆಗಾಗ ಇರುತ್ತದೆ. ಹೀಗಾಗಿ ಬಾಳಿಕೆಯ ಸಾಮಾನು ಉಳ್ಳವರಿಗೆ, ತೀರಿಹೋಗುವ ಸಾಮಾನು ಇಲ್ಲದವರಿಗೆ. ಇಲ್ಲಿ ನಮ್ಮ ಸಣ್ಣ ವ್ಯಾಪಾರಸ್ಥ ಗೆಳೆಯರು ಮನಸ್ಸು ಮಾಡಬೇಕು. ಲಗ್ನದ ಜವಳಿಯನ್ನು ಉದ್ದರಿ ಕೊಡುವ ಅಂಗಡಿಕಾರ ನಾಲ್ಕು ಚಡ್ಡಿಗಳನ್ನು ತಿಂಗಳಿಗೆ ನೂರರಂತೆ ಕೊಡಲಾರನೇ? ಒಮ್ಮೆಲೇ ನಾಲ್ಕು ಬೇಡ. ತಿಂಗಳಿಗೊಂದರಂತೆ ಕೂಡಿಸಲಿ, ಮೊದಲನೆಯದು ರಾತ್ರಿಗಾಯಿತು. ಹಾಗೆಯೇ ಕಪ್ಪು ಚೀಲದಲ್ಲಿ ಹಾಕಿ, ಹಳೆಯ ಪೇಪರಿನಲ್ಲಿ ಸುತ್ತಿ, ಕಳವಿನ ಮಾಲು ದಾಟಿಸಿದ ಹಾಗೆ ಕೊಡುವ ಪದ್ಧತಿಯನ್ನೂ ಬಿಡಿರಿ. ಬೆಲ್ಲ ಕಟ್ಟಿಕೊಟ್ಟಂತೆ ಕೊಡಿರಿ. ಅಂಗಡಿಕಾರ ನಾಚಿದರೆ ಹುಡುಗಿ ಎರಡು ಪಟ್ಟು ನಾಚುತ್ತಾಳೆ.

ಮಾಲನ್ನು ನೋಡಿ ತರಿಸುವದೂ ವ್ಯಾಪಾರಿಯ ಧರ್ಮ. ಭಾರತೀಯ ಮಾನಕ ಬ್ಯೂರೋದವರು 2021ರಲ್ಲಿ ಐಎಸ್ 17514 ಎಂಬ ಮಾನಕವನ್ನು ಇಂಥ ತೊಳೆದು ಬಳಸುವ ಪ್ಯಾಡು ಮತ್ತು ಒಳಚಡ್ಡಿಗಳಿಗಾಗಿಯೇ ಮಾಡಿದ್ದಾರೆ. ಮಾಲು ಕೊಳ್ಳುವಾಗ ಆ ಅಂಕಿಯನ್ನು ಕೇಳಿರಿ. ಅಮೇರಿಕೆಯಲ್ಲಿ ಥಿಂಕ್ಸ್ ಎಂಬ ಕಂಪನಿಯ ಒಳಚಡ್ಡಿಗಳಲ್ಲಿ ಪಿಫಾಸ್ ಎಂಬ ಅಪಾಯದ ರಾಸಾಯನಿಕಗಳಿವೆಯೆಂದು ಗ್ರಾಹಕರು ಕೋರ್ಟಿಗೆ ಹೋದರು. ಕಂಪನಿ ಆರೋಪವನ್ನು ಒಪ್ಪದಿದ್ದರೂ ದುಡ್ಡು ಕೊಟ್ಟು ರಾಜಿ ಮಾಡಿಕೊಂಡದ್ದು 2023ರಲ್ಲಿ ಹೊರಗೆ ಬಂತು. ಎಳೆಯ ಮೈಗೆ ದಿನವಿಡೀ ತಾಗಿರುವ ವಸ್ತುವಿದು. ಬಣ್ಣ ಬಿಡುತ್ತದೆಯೋ, ಒಳಗೇನು ಹಾಕಿದ್ದಾರೋ ಎಂದು ವಿಚಾರಿಸುವ ಹಕ್ಕು ವಿಜಯಪುರದ ಗಿರಾಕಿಗೂ ಉಂಟು.

ಸರಕಾರದ ಮಟ್ಟಿಗೆ ಹೇಳುವದಾದರೆ ಕಾಲ ಸ್ವಲ್ಪ ತಿರುಗಿದೆ. ಪ್ಯಾಡಿನ ಮೇಲಿನ ಜಿಎಸ್‌ಟಿಯನ್ನು 2018ರ ಜುಲೈದಲ್ಲಿ ತೆಗೆದರು. ನಮ್ಮ ರಾಜ್ಯದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ತೊಳೆದು ಬಳಸುವ ಮುಟ್ಟಿನ ಕಪ್ಪುಗಳನ್ನು ಹಂಚಲಾಯಿತು. ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನದ ಸಂಬಳದ ರಜೆ ಎಂದು 2025ರ ಅಕ್ಟೋಬರದಲ್ಲಿ ಮಂತ್ರಿಮಂಡಲ ಒಪ್ಪಿತು. ದ್ರಾಕ್ಷಿ ತೋಟದ ದಿನಗೂಲಿಯಾಕೆಗೆ ಆ ರಜೆ ಯಾರು ಕೊಡಬೇಕೆಂಬ ಪ್ರಶ್ನೆ ಬೇರೆ. 2026ರ ಜನವರಿ 30ರಂದು ಸುಪ್ರೀಂ ಕೋರ್ಟು ಮುಟ್ಟಿನ ಆರೋಗ್ಯವು ಸಂವಿಧಾನದ 21ನೆಯ ಕಲಮಿನ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಶಾಲೆಗಳಲ್ಲಿ ಪುಕ್ಕಟೆ ಪ್ಯಾಡು, ನೀರಿರುವ ಪ್ರತ್ಯೇಕ ಪಾಯಖಾನೆ ಇರಬೇಕೆಂದು ಆದೇಶ ಮಾಡಿತು. ಸ್ಕಾಟ್ಲೆಂಡಿನಲ್ಲಿ 2021ರ ಕಾಯ್ದೆಯಂತೆ ಮುಟ್ಟಿನ ಸಾಮಾನು ಬೇಕಾದವರಿಗೆಲ್ಲ ಪುಕ್ಕಟೆ ಸಿಗುತ್ತದೆ. ತೊಳೆದು ಬಳಸುವಂಥವೂ ಅದರಲ್ಲಿ ಸೇರಿವೆ. ಬ್ರಿಟನ್ನಿನವರು ಪ್ಯಾಡಿನ ಮೇಲಿನ ತೆರಿಗೆಯನ್ನು 2021ರಲ್ಲಿ ತೆಗೆದರೂ ಮುಟ್ಟಿನ ಒಳಚಡ್ಡಿಯ ಮೇಲಿನದನ್ನು ತೆಗೆಯಲು 2024ರ ವರೆಗೆ ಕಾದರು. ಅಧಿಕಾರಿಗಳ ಕಣ್ಣಿಗೆ ಅದು ಬರೇ ಬಟ್ಟೆಯಾಗಿ ಕಂಡಿತ್ತು! ನಮ್ಮ ಬೇಡಿಕೆ ಸರಳ: ಶುಚಿಯ ಪುಡಿಕೆ ಬೇಕೆಂಬವಳಿಗೆ ಪುಡಿಕೆ, ಕಪ್ಪು ಬೇಕೆಂಬವಳಿಗೆ ಕಪ್ಪು, ಒಳಚಡ್ಡಿ ಬೇಕೆಂಬವಳಿಗೆ ಒಳಚಡ್ಡಿ ಸಿಗಲಿ, ಆರಿಸುವ ಅಧಿಕಾರ ಹುಡುಗಿಗೆ ಇರಲಿ. ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರಿಗೆ ಹೊಲಿಗೆ ಕಲಿಸಿದರೆ ತಿಕೋಟಾದಲ್ಲಿಯೇ ಇವು ತಯಾರಾಗಬಹುದು.

ಉಳಿದದ್ದು ಸೂತಕದ ಮಾತು. ಹೊರಗಾದ ಹುಡುಗಿ ದೇವರ ಮನೆ ಮುಟ್ಟಬಾರದು, ಉಪ್ಪಿನಕಾಯಿ ಮುಟ್ಟಬಾರದು, ಆಕೆಯ ಅರಿವೆಯನ್ನು ಗಂಡಸರು ಕಾಣಬಾರದು ಎಂದು ಹೇಳುವವರು ಎಲ್ಲ ಜಾತಿ ಮತಗಳಲ್ಲಿಯೂ ಇದ್ದಾರೆ. ಬಸವಣ್ಣನವರ ಬಾಗೇವಾಡಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಅಲ್ಲಗಳೆದರು: ಜನನ, ಮರಣ, ಜಾತಿ, ಎಂಜಲು, ಮತ್ತು ರಜಸ್ಸು. ಐದನೆಯದು ಮುಟ್ಟೇ. ವರ್ಷಕ್ಕೊಮ್ಮೆ ಜಯಂತಿಯ ಮೆರವಣಿಗೆಯಲ್ಲಿ ಭಾವಚಿತ್ರ ಹೊರುವ ಹಿರಿಯರು, ಮನೆಗೆ ಬಂದು ಮಗಳ ಅರಿವೆಯನ್ನು ಹಗ್ಗದಿಂದ ಕಿತ್ತು ಕೊಟ್ಟಿಗೆಗೆ ಎಸೆದರೆ, ಮೆರವಣಿಗೆ ಯಾವ ಪುರುಷಾರ್ಥಕ್ಕೆ?

ಶಾಲೆಗಳಲ್ಲಿ ಎಸ್‌ಡಿಎಂಸಿ ಸಭೆ ಸೇರುತ್ತದೆ. ಅದರಲ್ಲಿ ಪಾಲಕರು ಕೂಡ್ರುತ್ತಾರೆ, ಹೆಚ್ಚಾಗಿ ಗಂಡಸರೇ. ಮುಂದಿನ ಸಭೆಯಲ್ಲಿ ಬಿಸಿಯೂಟದ ಬೇಳೆಯ ಲೆಕ್ಕ ಮುಗಿದ ಮೇಲೆ ಎದ್ದು ನಿಂತು ಕೇಳಿರಿ: ಹೆಣ್ಣುಮಕ್ಕಳ ಪಾಯಖಾನೆಯ ಕೀಲಿಕೈ ಯಾರ ಹತ್ತಿರ ಇದೆ? ನಳಕ್ಕೆ ನೀರು ಎಷ್ಟು ಹೊತ್ತಿಗೆ ಬರುತ್ತದೆ? ಒಳಗೆ ಸಾಬೂನು, ಬಕೀಟು ಇದೆಯೋ? ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೋ? ಉತ್ತರವನ್ನು ಠರಾವಿನ ಪುಸ್ತಕದಲ್ಲಿ ಬರೆಯಿಸಿರಿ. ಮನೆಗೆ ಬಂದ ಮೇಲೆ ಅಂಗಳದಲ್ಲಿ ಎರಡು ಮೊಳೆ ಹೊಡೆದು ಒಂದು ಹಗ್ಗ ಕಟ್ಟಿರಿ, ಬಿಸಿಲು ಮಧ್ಯಾಹ್ನದ ವರೆಗೆ ಬೀಳುವ ಕಡೆಗೆ. ಆ ಹಗ್ಗ ಯಾರದೆಂದು ನೆರೆಮನೆಯವರು ಕೇಳಿದರೆ, ಮಗಳದೆಂದು ಹೇಳಿರಿ.